ಅಚ್ಚು ಮತ್ತು ಹೊಂದಿಕೆ: ಖಾನಾಪುರ–ಸಾಂಬ್ರಾ ಪರಿಸರದ ಹಂಚಿನ ವಿನ್ಯಾಸದ ಸ್ಥಿರತೆಯನ್ನು ಕುರಿತು

1. ಪ್ರವೇಶ

ಭೌತಿಕ ಸಂಸ್ಕೃತಿಯನ್ನು ಕುರಿತ ನಮ್ಮ ಅಧ್ಯಯನಗಳು ಸಾಮಾನ್ಯವಾಗಿ ಬದಲಾವಣೆಯ ಬೆನ್ನು ಹತ್ತಿ ನಡೆದಿವೆ. ಒಂದು ವಸ್ತು ಯಾವಾಗ ಬಂದಿತು, ಯಾವುದನ್ನು ಹೊರದೂಡಿತು, ಅದರೊಡನೆ ಯಾವ ಹೊಸ ಮಾತುಗಳು ಕನ್ನಡಕ್ಕೆ ಸೇರಿದವು ಎಂಬ ಪ್ರಶ್ನೆಗಳನ್ನು ನಾವು ಕೇಳುತ್ತ ಬಂದಿದ್ದೇವೆ. ಬದಲಾಗದೆ ಉಳಿದ ವಸ್ತುಗಳ ಬಗೆಗೆ ಇಂಥ ಕುತೂಹಲ ಕಡಿಮೆ. ಅವುಗಳನ್ನು ‘ಸಂಪ್ರದಾಯ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ರೂಢಿಯಾಗಿದೆ. ಆದರೆ ಸಂಪ್ರದಾಯವೆಂಬುದು ಒಂದು ಸ್ಥಿತಿಗೆ ಕೊಟ್ಟ ಹೆಸರೇ ಹೊರತು ಆ ಸ್ಥಿತಿಗೆ ಕಾರಣವಲ್ಲ. ನೂರಾರು ಕೈಗಳನ್ನು ದಾಟಿ, ಒಡೆತನ ಬದಲಾಗಿ, ಊರು ಬದಲಾಗಿ, ಆದರೂ ಒಂದು ವಸ್ತುವಿನ ಆಕಾರ ಹಾಗೆಯೇ ಉಳಿದಿದೆಯೆಂದರೆ ಅದನ್ನು ಹಿಡಿದು ನಿಲ್ಲಿಸಿದ ಶಕ್ತಿಗಳು ಯಾವುವು ಎಂದು ಕೇಳಲೇಬೇಕಾಗುತ್ತದೆ.

ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಮನೆಯ ಮೇಲಿನ ಹಂಚಿನ ಮೂಲಕ ಎತ್ತಿಕೊಳ್ಳುತ್ತದೆ. ಖಾನಾಪುರದಿಂದ ಬೆಳಗಾವಿ ನಗರದ ಮೂಲಕ ಸಾಂಬ್ರಾದವರೆಗಿನ ಪರಿಸರದಲ್ಲಿ ಎರಡು ಬಗೆಯ ಹಂಚುಗಳು ಬಳಕೆಯಲ್ಲಿ ಬಂದಿವೆ. ಕುಂಬಾರನು ತಿಗರಿಯ ಮೇಲೆ ಮಾಡುವ ನಾಡ ಹಂಚು ಒಂದು. ಕಾರ್ಖಾನೆಯ ಅಚ್ಚಿನಲ್ಲಿ ಒತ್ತಿ ತೆಗೆಯುವ ಮಂಗಳೂರು ಹಂಚು ಇನ್ನೊಂದು. ಎರಡರ ವಿನ್ಯಾಸವೂ ದೀರ್ಘಕಾಲ ಬದಲಾಗಿಲ್ಲ. ಆದರೆ ಅವು ಬದಲಾಗದಿರುವುದಕ್ಕೆ ಇರುವ ಕಾರಣಗಳು ಒಂದಕ್ಕೊಂದು ವಿರುದ್ಧವಾದವು. ಒಂದು ಹಂಚು ತನ್ನ ಪಕ್ಕದ ಹಂಚಿನೊಡನೆ ಹೇಗೆ ಹೊಂದಿಕೊಳ್ಳುತ್ತದೆ ಎಂಬುದರಲ್ಲಿಯೇ ಅದರ ಬಾಳಿಕೆಯ ಗುಟ್ಟು ಅಡಗಿದೆ ಎಂಬುದು ಈ ಲೇಖನದ ಮುಖ್ಯ ಪ್ರತಿಪಾದನೆ.

2. ಮಳೆಯ ಗೆರೆ ಮತ್ತು ಛಾವಣಿ

ಬೆಳಗಾವಿ ಜಿಲ್ಲೆಯ ಛಾವಣಿಗಳನ್ನು ಅರಿಯಬೇಕಾದರೆ ಮೊದಲು ಅದರ ಮಳೆಯನ್ನು ಗಮನಿಸಬೇಕು. ಖಾನಾಪುರ ತಾಲ್ಲೂಕಿನ ಪಶ್ಚಿಮ ಭಾಗ ಸಹ್ಯಾದ್ರಿಯ ನೆತ್ತಿಯಲ್ಲಿದೆ. ಮಲಪ್ರಭೆ ಹುಟ್ಟುವ ಕಣಕುಂಬಿ, ಅದರ ಸಮೀಪದ ಜಾಂಬೋಟಿ ಮೊದಲಾದ ಊರುಗಳು ಅತಿ ಹೆಚ್ಚು ಮಳೆ ಬೀಳುವ ಪ್ರದೇಶಕ್ಕೆ ಸೇರಿವೆ. ಪೂರ್ವಕ್ಕೆ ಬಂದಂತೆ ಮಳೆ ಬೇಗ ಇಳಿಯುತ್ತದೆ. ಬೆಳಗಾವಿ ನಗರದಲ್ಲಿ ವರ್ಷಕ್ಕೆ ಸುಮಾರು 1,200 ಮಿಲಿಮೀಟರಿನಷ್ಟು ಮಳೆಯಾದರೆ ಜಿಲ್ಲೆಯ ಪೂರ್ವದ ತಾಲ್ಲೂಕುಗಳಲ್ಲಿ ಅದರ ಅರ್ಧದಷ್ಟು ಮಾತ್ರ. ಬೆಳಗಾವಿಯಿಂದ ಬಾಗಲಕೋಟೆಯತ್ತ ಹೋಗುವ ರಸ್ತೆ ಸಾಂಬ್ರಾ, ನೇಸರಗಿ, ಯರಗಟ್ಟಿಗಳನ್ನು ಹಾಯ್ದು ಸಾಗುತ್ತದೆ. ಈ ಒಂದೇ ದಾರಿಯಲ್ಲಿ ಮಲೆನಾಡಿನ ಅಂಚಿನಿಂದ ಬಯಲುಸೀಮೆಯ ಎರೆಭೂಮಿಯವರೆಗೆ ನಾಡಿನ ಸ್ವರೂಪ ಬದಲಾಗುವುದನ್ನು ಕಾಣಬಹುದು.

ಈ ಬದಲಾವಣೆಯನ್ನು ಮನೆಗಳ ತಲೆಯ ಮೇಲೆಯೂ ಓದಬಹುದು. ಪೂರ್ವದ ಬಯಲಿನಲ್ಲಿ ಮಣ್ಣಿನ ಮೇಲ್ಮುದ್ದೆಯ ಮಾಳಿಗೆ ಮನೆಗಳು. ತೊಲೆ, ಜಂತೆಗಳ ಮೇಲೆ ಮಣ್ಣನ್ನು ಹರಡಿ ತಟ್ಟಿದ ಈ ಸಮತಟ್ಟಾದ ಛಾವಣಿ ಬಿಸಿಲನ್ನು ತಡೆಯುತ್ತದೆ, ಕಾಳು ಒಣಗಿಸಲು ಅಂಗಳವಾಗುತ್ತದೆ, ಬೇಸಿಗೆಯ ರಾತ್ರಿ ಮಲಗಲು ಹಾಸಿಗೆಯಾಗುತ್ತದೆ. ಆದರೆ ಎಡೆಬಿಡದೆ ಸುರಿಯುವ ಮಳೆಯನ್ನು ಅದು ತಾಳಲಾರದು. ಪಶ್ಚಿಮದಲ್ಲಿ ನೀರು ನಿಲ್ಲದೆ ಹರಿದುಹೋಗಬೇಕಾದುದರಿಂದ ಛಾವಣಿ ಇಳಿಜಾರಾಗಬೇಕು. ಇಳಿಜಾರಿನ ಮೇಲೆ ಹುಲ್ಲು ಅಥವಾ ಹಂಚು ಬೇಕು. ಬೆಳಗಾವಿ ಮತ್ತು ಸಾಂಬ್ರಾದ ಸುತ್ತಿನ ಊರುಗಳು ಈ ಎರಡು ವಲಯಗಳ ನಡುವಿನ ಅಂಚಿನಲ್ಲಿವೆ. ಇಲ್ಲಿಯ ಹಳೆಯ ಮನೆಗಳಲ್ಲಿ ಹಂಚಿನದೇ ಪ್ರಾಧಾನ್ಯ.

ಮಳೆಯೊಡನೆ ಮಣ್ಣೂ ಕೂಡಿಬರಬೇಕು. ಖಾನಾಪುರದ ಜೇಡಿಮಣ್ಣು ಮಡಕೆ, ಇಟ್ಟಿಗೆ ಹಾಗೂ ಹಂಚಿಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಖಾನಾಪುರದಲ್ಲಿಯೇ ನೆಲೆಗೊಂಡುದು ಆಕಸ್ಮಿಕವಲ್ಲ. ಮಣ್ಣು, ಸುಡುವುದಕ್ಕೆ ಕಾಡಿನ ಕಟ್ಟಿಗೆ, ತಲೆಮಾರುಗಳಿಂದ ಬಂದ ಕುಂಬಾರಿಕೆಯ ಅರಿವು, ಇವು ಮೂರೂ ಇಲ್ಲಿ ಒಂದೆಡೆ ಸೇರಿವೆ. ಇವುಗಳಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ರೈಲುಮಾರ್ಗವೂ ಸೇರಿಕೊಂಡಿತು. ಸದರ್ನ್ ಮರಾಠಾ ರೈಲ್ವೆಯ ಲೋಂಡಾ, ಖಾನಾಪುರ, ಬೆಳಗಾವಿ, ಮಿರಜ ಮಾರ್ಗವು ತೂಕದ ಸರಕನ್ನು ದೂರ ಸಾಗಿಸುವುದನ್ನು ಸಾಧ್ಯವಾಗಿಸಿತು.

3. ನಾಡ ಹಂಚು: ಸಡಿಲ ಹೊಂದಿಕೆ

ನಾಡ ಹಂಚನ್ನು ಮಾಡುವ ವಿಧಾನ ಸರಳವಾದರೂ ಜಾಣ್ಮೆಯದು. ಕುಂಬಾರನು ತಿಗರಿಯ ಮೇಲೆ ಎರಡೂ ಕಡೆ ಬಾಯಿ ತೆರೆದ ಕೊಳವೆಯೊಂದನ್ನು ಎತ್ತುತ್ತಾನೆ. ಅದರ ಒಂದು ಬಾಯಿ ತುಸು ಅಗಲ, ಇನ್ನೊಂದು ತುಸು ಕಿರಿದು. ಮಣ್ಣು ಹಸಿಯಾಗಿರುವಾಗಲೇ ಉದ್ದಕ್ಕೆ ಎದುರುಬದುರಾಗಿ ಎರಡು ಗೀರು ಎಳೆಯುತ್ತಾನೆ. ಒಣಗಿದ ಮೇಲೆ ಕೊಳವೆ ಆ ಗೀರುಗುಂಟ ಸೀಳಿ ಎರಡು ಅರ್ಧಗೊಳವೆಗಳಾಗುತ್ತವೆ. ಛಾವಣಿಯ ಮೇಲೆ ಒಂದು ಸಾಲನ್ನು ಅಂಗಾತ, ಅದರ ಪಕ್ಕದ ಸಾಲುಗಳ ಸಂದಿಯನ್ನು ಮುಚ್ಚುವಂತೆ ಮತ್ತೊಂದು ಸಾಲನ್ನು ಬೋರಲು ಹಾಕುತ್ತಾರೆ. ಅಂಗಾತ ಹಾಕಿದ್ದು ನೀರು ಹರಿಯುವ ಕಾಲುವೆ. ಬೋರಲು ಹಾಕಿದ್ದು ಅದರ ಮುಚ್ಚಳ. ಕಿರಿದಾದ ಬಾಯಿ ಅಗಲವಾದ ಬಾಯಿಯೊಳಗೆ ಸೇರಿಕೊಳ್ಳುವುದರಿಂದ ಒಂದು ಹಂಚು ಕೆಳಗಿನ ಹಂಚಿಗೆ ನೀರನ್ನು ಒಪ್ಪಿಸುತ್ತ ಹೋಗುತ್ತದೆ.

ಈ ಆಕಾರ ಕರ್ನಾಟಕಕ್ಕಷ್ಟೇ ಸೀಮಿತವಲ್ಲ. ಅರ್ಧಗೊಳವೆಯ ಹಂಚು ಮೆಡಿಟರೇನಿಯನ್ ತೀರದ ನಾಡುಗಳಲ್ಲಿ, ಚೀನಾದಲ್ಲಿ, ಭಾರತದ ಬಹುಭಾಗಗಳಲ್ಲಿ ಬಹು ಹಿಂದಿನಿಂದ ಬಳಕೆಯಲ್ಲಿದೆ. ಇಷ್ಟು ದೂರದೂರದ ನಾಡುಗಳಲ್ಲಿ ಒಂದೇ ರೂಪ ಕಾಣುವುದಕ್ಕೆ ಎಲ್ಲೆಡೆಯೂ ಎರವಲೇ ಕಾರಣವಾಗಿರಬೇಕಿಲ್ಲ. ಹಸಿಮಣ್ಣು, ಹರಿಯುವ ನೀರು, ಇಳಿಜಾರು, ಇವುಗಳನ್ನು ಇಟ್ಟುಕೊಂಡು ಹೊರಟ ಯಾವ ಕೈಯಾದರೂ ಈ ರೂಪದ ಸಮೀಪಕ್ಕೆ ಬರುವುದು ಸಹಜ.

ನಾಡ ಹಂಚಿನ ಮುಖ್ಯ ಗುಣವೆಂದರೆ ಅದರ ಸಡಿಲ ಹೊಂದಿಕೆ. ಒಂದು ಹಂಚು ಬೆರಳಗಲ ದೊಡ್ಡದಾದರೂ, ಇನ್ನೊಂದು ಸುಡುವಾಗ ತುಸು ಸೊಟ್ಟಗಾದರೂ ಛಾವಣಿಗೆ ಬಾಧಕವಿಲ್ಲ. ತಂದೆ ಮಾಡಿದ ಹಂಚಿನ ಪಕ್ಕದಲ್ಲಿ ಮಗ ಮಾಡಿದ್ದು ಕೂರುತ್ತದೆ. ಈ ಊರಿನ ಹಂಚಿನ ಮೇಲೆ ನೆರೆಯೂರಿನ ಹಂಚು ಕವಿದುಕೊಳ್ಳುತ್ತದೆ. ನಿಖರತೆಯನ್ನು ಅದು ಬೇಡುವುದಿಲ್ಲ. ಆದ್ದರಿಂದಲೇ ಅದನ್ನು ಸುಧಾರಿಸಬೇಕೆಂಬ ಒತ್ತಾಯ ವಿನ್ಯಾಸದ ಒಳಗಿನಿಂದ ಹುಟ್ಟುವುದಿಲ್ಲ.

ಈ ಸಡಿಲಕ್ಕೆ ಬೆಲೆಯನ್ನೂ ತೆರಬೇಕಾಗುತ್ತದೆ. ಯಾವುದಕ್ಕೂ ಕಚ್ಚಿಕೊಳ್ಳದ ಹಂಚು ಗಾಳಿಗೆ, ಬೆಕ್ಕಿನ ಓಡಾಟಕ್ಕೆ, ಮಂಗಗಳ ಹಾವಳಿಗೆ ಜಾರುತ್ತದೆ. ಎರಡು ಪದರಗಳ ಭಾರವನ್ನು ಮರದ ಚೌಕಟ್ಟು ಹೊರಬೇಕು. ಪ್ರತಿವರ್ಷ ಮುಂಗಾರಿಗೆ ಮೊದಲು ಯಾರಾದರೂ ಛಾವಣಿ ಏರಿ ಒಡೆದದ್ದನ್ನು ತೆಗೆದು, ಜಾರಿದ್ದನ್ನು ಸರಿಪಡಿಸಬೇಕು. ಇದನ್ನು ಕನ್ನಡದಲ್ಲಿ ಹಂಚು ಕೈಯಾಡಿಸುವುದು ಎನ್ನುತ್ತಾರೆ. ಮರಾಠಿಯಲ್ಲಿ ಈ ಕೆಲಸಕ್ಕೆ ‘ಶಾಕಾರಣೀ’ ಎಂಬ ಪ್ರತ್ಯೇಕ ಪದವೇ ಇದೆ. ವರ್ಷಕ್ಕೊಮ್ಮೆ ಬರುವ ಕೆಲಸವೊಂದಕ್ಕೆ ಭಾಷೆ ತನ್ನದೇ ಪದವನ್ನು ಕಟ್ಟಿಕೊಂಡಿದೆಯೆಂದರೆ ಆ ಕೆಲಸ ಎಷ್ಟು ನಿಯತವಾಗಿತ್ತೆಂಬುದು ತಿಳಿಯುತ್ತದೆ. ನಾಡ ಹಂಚಿನ ಛಾವಣಿ ಒಮ್ಮೆ ಕಟ್ಟಿ ಬಿಡುವ ವಸ್ತುವಲ್ಲ, ವರ್ಷವರ್ಷವೂ ಮತ್ತೆ ಕಟ್ಟಬೇಕಾದದ್ದು.

4. ಮಂಗಳೂರು ಹಂಚು: ಅಚ್ಚಿನ ಪ್ರವೇಶ

ಮಂಗಳೂರು ಹಂಚಿನ ಮೂಲ ಮಂಗಳೂರಿನಲ್ಲಿಲ್ಲ. ಫ್ರಾನ್ಸಿನ ಆಲ್ಸೇಸ್ ಪ್ರಾಂತ್ಯದ ಆಲ್ಟ್‌ಕಿರ್ಚ್ ಎಂಬ ಊರಿನ ಜಿಲಾರ್ಡೋನಿ ಸಹೋದರರು ಒಂದರೊಳಗೊಂದು ಕಚ್ಚಿಕೊಳ್ಳುವ ಚಪ್ಪಟೆ ಹಂಚಿಗೆ 1841ರಲ್ಲಿ ಹಕ್ಕುಪತ್ರ ಪಡೆದರು. ಇದೇ ಕುಲಕ್ಕೆ ಸೇರಿದ ಹಂಚು ಮುಂದೆ ಮಾರ್ಸೇಲ್ಸ್ ನಗರದ ಹೆಸರಿನಲ್ಲಿಯೂ ಪ್ರಸಿದ್ಧವಾಯಿತು. ಅದೇ 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮುದ್ರಣಾಲಯ ಆರಂಭವಾದದ್ದು ಕಾಕತಾಳೀಯ. ಆದರೆ ಈ ಎರಡು ಸಂಗತಿಗಳ ನಡುವೆ ಮುಂದೆ ಏರ್ಪಟ್ಟ ಸಂಬಂಧ ಕಾಕತಾಳೀಯವಲ್ಲ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮತಾಂತರದಿಂದ ಕುಲಕಸುಬನ್ನೂ ಆಸರೆಯನ್ನೂ ಕಳೆದುಕೊಂಡವರಿಗೆ ಜೀವನೋಪಾಯ ಒದಗಿಸುವ ಸಲುವಾಗಿ ಕೈಗಾರಿಕೆಗಳನ್ನು ಆರಂಭಿಸಿದರು. ನೇಯ್ಗೆ, ಮುದ್ರಣ, ಪುಸ್ತಕದ ರಟ್ಟು ಕಟ್ಟುವಿಕೆಗಳ ಸಾಲಿನಲ್ಲಿ 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯ ಮೇಲೆ, ಹಂಚಿನ ಕಾರ್ಖಾನೆ ತಲೆಯೆತ್ತಿತು. ಅದನ್ನು ಸ್ಥಾಪಿಸಿದವನು ಜಾರ್ಜ್ ಪ್ಲೆಬ್ಸ್ಟ್. ಈತ ಮಿಷನ್ನಿನ ಮುದ್ರಣಾಲಯದ ಉಸ್ತುವಾರಿ ನೋಡಿಕೊಂಡಿದ್ದ ಯಂತ್ರಪರಿಣತ ಎಂಬುದು ಕನ್ನಡ ಅಧ್ಯಯನಕಾರರಾದ ನಮಗೆ ಮುಖ್ಯವಾಗಬೇಕು. ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದ, 1894ರಲ್ಲಿ ಕಿಟ್ಟೆಲ್ ನಿಘಂಟನ್ನು ಬೆಳಕಿಗೆ ತಂದ ಸಂಸ್ಥೆಯೇ ಹಂಚನ್ನೂ ನಾಡಿಗೆ ಕೊಟ್ಟಿತು. ಎರಡೂ ಕಡೆ ಕೆಲಸ ಮಾಡಿದ ತತ್ತ್ವ ಒಂದೇ: ಒಂದು ಅಚ್ಚು, ಅದರಿಂದ ಒಂದೇ ತೆರನಾದ ಅನೇಕ ಪ್ರತಿಗಳು.

1873ರಲ್ಲಿ ಕೋಜಿಕೋಡಿನಲ್ಲಿ, 1882ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ, 1886ರಲ್ಲಿ ಮಲ್ಪೆಯಲ್ಲಿ ಮಿಷನ್ನಿನ ಕಾರ್ಖಾನೆಗಳು ಬಂದವು. ಸ್ಥಳೀಯ ಉದ್ಯಮಿಗಳೂ ಕಾರ್ಖಾನೆಗಳನ್ನು ತೆರೆದರು. ಹಂಚು ಹಡಗೇರಿ ಸಿಲೋನ್, ಬರ್ಮಾ, ಪೂರ್ವ ಆಫ್ರಿಕಾಗಳನ್ನು ತಲುಪಿತು. ಮೊದಲ ಮಹಾಯುದ್ಧದ ಸಂದರ್ಭದಲ್ಲಿ ಮಿಷನ್ನಿನ ಉದ್ಯಮಗಳು ಅದರ ಕೈತಪ್ಪಿ ಬಳಿಕ ಕಾಮನ್‌ವೆಲ್ತ್ ಟ್ರಸ್ಟಿನ ಒಡೆತನಕ್ಕೆ ಹೋದವು. ಒಡೆಯರು ಬದಲಾದರೂ ಹಂಚಿನ ಆಕಾರ ಬದಲಾಗಲಿಲ್ಲ. ಬೆಳಗಾವಿಯು ಬಾಸೆಲ್ ಮಿಷನ್ನಿನ ಕ್ಷೇತ್ರವಾಗಿರಲಿಲ್ಲ. ಇಲ್ಲಿ ಮೊದಲು ನೆಲೆಯೂರಿದ್ದು ಲಂಡನ್ ಮಿಷನ್. ಆದರೂ ಮಂಗಳೂರು ಮಾದರಿಯ ಹಂಚು ಇಲ್ಲಿಗೆ ಬಂದಿತು. ಬಂದದ್ದಷ್ಟೇ ಅಲ್ಲ, ಖಾನಾಪುರದ ಮಣ್ಣಿನಲ್ಲಿಯೇ ತಯಾರಾಗತೊಡಗಿತು. ವಿನ್ಯಾಸವೊಂದು ತನ್ನನ್ನು ತಂದ ಸಂಸ್ಥೆಯಿಂದ ಬಿಡಿಸಿಕೊಂಡು ಸ್ವತಂತ್ರವಾಗಿ ನಡೆಯತೊಡಗಿದ ಬಗೆಯಿದು.

5. ಬಿಗಿ ಹೊಂದಿಕೆ: ವಿನ್ಯಾಸ ಬದಲಾಗದಿರಲು ಕಾರಣ

ಮಂಗಳೂರು ಹಂಚಿನ ರಚನೆಯನ್ನು ತುಸು ಸೂಕ್ಷ್ಮವಾಗಿ ನೋಡಬೇಕು. ಅದರ ಒಂದು ಪಕ್ಕದ ಅಂಚಿನಲ್ಲಿ ತೋಡು, ಇನ್ನೊಂದು ಪಕ್ಕದಲ್ಲಿ ಆ ತೋಡಿನ ಮೇಲೆ ಕವಿದುಕೊಳ್ಳುವ ಏಣು. ಮೇಲಂಚಿನ ಅಡಿಭಾಗದಲ್ಲಿ ಮರದ ರೀಪಿಗೆ ಸಿಕ್ಕಿಕೊಳ್ಳುವ ಗುಬಟುಗಳು. ಗಾಳಿ ಜೋರಾಗಿರುವ ಕಡೆ ತಂತಿ ಬಿಗಿಯಲು ಒಂದು ರಂಧ್ರ. ಮುಖದ ಮೇಲೆ ನೀರನ್ನು ಕೆಳಗಿಳಿಸುವ ಎರಡು ತಗ್ಗುಗಳು. ಇಡೀ ಹಂಚಿನಲ್ಲಿ ಅಲಂಕಾರಕ್ಕೆಂದು ಮಾಡಿದ ಭಾಗ ಇಲ್ಲವೆನ್ನಬಹುದು. ಪ್ರತಿಯೊಂದು ಏಣೂ ಪಕ್ಕದ, ಮೇಲಿನ ಅಥವಾ ಕೆಳಗಿನ ಹಂಚಿಗೆ ಕೊಟ್ಟ ಉತ್ತರವಾಗಿದೆ.

ಭಾರತೀಯ ಮಾನಕ ಸಂಸ್ಥೆಯು ಈ ಹಂಚಿಗೆ ಐ.ಎಸ್. 654 ಎಂಬ ಮಾನಕವನ್ನು ರೂಪಿಸಿದೆ. ಅದರ 1992ರ ಪರಿಷ್ಕರಣೆಯಲ್ಲಿ ಮೂರು ಅಳತೆಗಳಿವೆ: 410 × 235, 420 × 250 ಮತ್ತು 425 × 260 ಮಿಲಿಮೀಟರ್. ಉದ್ದಕ್ಕೆ ಕನಿಷ್ಠ 60, ಅಡ್ಡಕ್ಕೆ ಕನಿಷ್ಠ 25 ಮಿಲಿಮೀಟರ್ ಮೇಲುಹಾಸು ಇರಬೇಕು. ಈ ಮೇಲುಹಾಸನ್ನು ಕಳೆದು ಲೆಕ್ಕ ಹಾಕಿದರೆ ಒಂದು ಚದರ ಮೀಟರ್ ಛಾವಣಿಗೆ 12ರಿಂದ 14 ಹಂಚುಗಳು ಸಾಕಾಗುತ್ತವೆ. ನಾಡ ಹಂಚಿನ ಎರಡು ಪದರಗಳಿಗೆ ಹೋಲಿಸಿದರೆ ಇದು ಹಗುರ. ಮರವೂ ಕಡಿಮೆ ಸಾಕು.

ಇಲ್ಲಿ ಮುಖ್ಯವಾದದ್ದು ಮುಂದಿನ ಹೆಜ್ಜೆ. ನೂರು ಚದರ ಮೀಟರಿನ ಛಾವಣಿಗೆ 1,200ರಿಂದ 1,400 ಹಂಚುಗಳು ಬೇಕೆಂದಾಯಿತು. ಅವುಗಳಲ್ಲಿ ವರ್ಷಕ್ಕೆ ಹತ್ತಾರು ಒಡೆಯಬಹುದು. ಉಳಿದವು ದಶಕಗಳ ಕಾಲ ಬಾಳುತ್ತವೆ. ಮನೆಯೊಡೆಯನು ಅಂಗಡಿಗೆ ಹೋಗಿ ಕೇಳುವುದು ‘ಉತ್ತಮವಾದ ಹಂಚು’ ಅಲ್ಲ, ತನ್ನ ಛಾವಣಿಯಲ್ಲಿ ಈಗಾಗಲೇ ಇರುವ ಹಂಚಿನ ತೋಡಿಗೆ ಕೂರುವ ಹಂಚು. ಕಾರ್ಖಾನೆಯವನೊಬ್ಬ ಇನ್ನೂ ಚೆಲುವಾದ, ಇನ್ನೂ ಗಟ್ಟಿಯಾದ, ಆದರೆ ಅರ್ಧ ಬೆರಳು ಅಗಲವಾದ ಹಂಚನ್ನು ಮಾಡಿದರೆ ಹಳೆಯ ಮನೆಗಳ ಮಟ್ಟಿಗೆ ಅದು ನಿರುಪಯುಕ್ತ. ಹೀಗೆ ಹಳೆಯ ಛಾವಣಿಗಳೇ ಹೊಸ ಹಂಚಿನ ಆಕಾರವನ್ನು ನಿರ್ಧರಿಸುತ್ತವೆ. ಈ ಬಿಗಿ ಹೊಂದಿಕೆಯೇ ವಿನ್ಯಾಸವನ್ನು ಹಿಡಿದು ನಿಲ್ಲಿಸಿದ ಶಕ್ತಿ.

ಛಾವಣಿಯ ಮರದ ಚೌಕಟ್ಟೂ ಈ ಒಪ್ಪಂದದಲ್ಲಿ ಪಾಲುದಾರ. ರೀಪುಗಳ ನಡುವಿನ ಅಂತರವನ್ನು ಬಡಿಗನು ಹಂಚಿನ ಉದ್ದಕ್ಕೆ ಸರಿಯಾಗಿ ಹೊಡೆದಿರುತ್ತಾನೆ. ಹಂಚಿನ ಉದ್ದ ಬದಲಾದರೆ ರೀಪುಗಳನ್ನೆಲ್ಲ ಕಿತ್ತು ಮತ್ತೆ ಹೊಡೆಯಬೇಕು. ಮನೆಯೊಳಗೆ ಬೆಳಕು ಬರಲೆಂದು ಗಾಜಿನ ಹಂಚನ್ನು ತಯಾರಿಸಿದವರೂ ಮಣ್ಣಿನ ಹಂಚಿನ ತೋಡು, ಏಣುಗಳನ್ನೇ ಗಾಜಿನಲ್ಲಿ ಎರಕಹೊಯ್ಯಬೇಕಾಯಿತು. ವಸ್ತು ಸಂಪೂರ್ಣ ಬೇರೆಯಾದರೂ ಆಕಾರ ಬಿಡಲಿಲ್ಲ.

ಇದಕ್ಕೆ ಹೋಲುವ ನಿದರ್ಶನಗಳು ಬೇರೆ ಕ್ಷೇತ್ರಗಳಲ್ಲಿಯೂ ಇವೆ. 1870ರ ದಶಕದಲ್ಲಿ ರೂಪುಗೊಂಡ ಇಂಗ್ಲಿಷ್ ಬೆರಳಚ್ಚು ಯಂತ್ರದ ಕೀಲಿಗಳ ಕ್ರಮವು ಯಂತ್ರವೇ ಮಾಯವಾದ ಮೇಲೂ ಗಣಕದಲ್ಲಿ ಉಳಿದಿದೆ. ಅಲ್ಲಿ ಹೊಸ ವಸ್ತುವು ಹೊಂದಬೇಕಾದದ್ದು ಪಳಗಿದ ಬೆರಳುಗಳೊಡನೆ. ಕನ್ನಡಕ್ಕಾಗಿ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯೂ ಅದೇ ಕ್ರಮದ ಮೇಲೆ ನಿಂತಿದೆ. ಇನ್ನೊಂದು ನಿದರ್ಶನ ಖಾನಾಪುರದ ಮೂಲಕವೇ ಹಾಯ್ದುಹೋಗುತ್ತದೆ. ಇಲ್ಲಿಯ ರೈಲುಹಳಿ ಮೊದಲು ಮೀಟರ್ ಗೇಜಿನದು. ಹಳಿಯ ಅಗಲಕ್ಕೂ ಗಾಲಿಯ ಅಗಲಕ್ಕೂ ಇರುವ ಬಿಗಿ ಹೊಂದಿಕೆಯಿಂದಾಗಿ ಅದು ನೂರು ವರ್ಷ ಹಾಗೆಯೇ ಉಳಿಯಿತು. 1990ರ ದಶಕದಲ್ಲಿ ಬ್ರಾಡ್ ಗೇಜಿಗೆ ಬದಲಾಯಿಸುವಾಗ ಮಾರ್ಗವನ್ನೇ ಬದಲಾಯಿಸಬೇಕಾಯಿತು. ರೈಲಿಗೆ ಒಬ್ಬ ಒಡೆಯನಿರುವುದರಿಂದ ಅದು ಸಾಧ್ಯವಾಯಿತು. ಹಂಚಿನ ಛಾವಣಿಗಳಿಗಾದರೋ ಮನೆಗೊಬ್ಬ ಒಡೆಯ. ಎಲ್ಲರೂ ಒಂದೇ ದಿನ ಹಂಚು ಬದಲಾಯಿಸುವಂತೆ ಆಜ್ಞೆ ಮಾಡಬಲ್ಲವರು ಯಾರೂ ಇಲ್ಲ. ಆದ್ದರಿಂದ ಹಂಚಿನ ಅಚ್ಚು ರೈಲುಹಳಿಗಿಂತಲೂ ಹೆಚ್ಚು ಸ್ಥಿರವಾಯಿತು.

ಇಷ್ಟು ಹೇಳಿದ ಮೇಲೆ ಒಂದು ತೊಡಕನ್ನೂ ಗಮನಿಸಬೇಕು. ಅಚ್ಚು ಒಂದೇ ಆದರೂ ಮಣ್ಣು ಒಂದೇ ಅಲ್ಲ. ಜೇಡಿಮಣ್ಣು ಒಣಗುವಾಗಲೂ ಸುಡುವಾಗಲೂ ಕುಗ್ಗುತ್ತದೆ. ಕುಗ್ಗುವ ಪ್ರಮಾಣ ಮಣ್ಣಿನಿಂದ ಮಣ್ಣಿಗೆ ಬೇರೆ. ನೇತ್ರಾವತಿಯ ದಂಡೆಯ ಮಣ್ಣು ಕುಗ್ಗಿದಷ್ಟೇ ಖಾನಾಪುರದ ಮಣ್ಣೂ ಕುಗ್ಗಬೇಕೆಂದಿಲ್ಲ. ಆದುದರಿಂದ ಪ್ರತಿಯೊಂದು ಕಾರ್ಖಾನೆಯೂ ತನ್ನ ಮಣ್ಣಿನ ಗುಣವನ್ನರಿತು ಅಚ್ಚನ್ನು ಅಷ್ಟು ದೊಡ್ಡದಾಗಿ ಮಾಡಿಕೊಳ್ಳಬೇಕು, ಮಣ್ಣಿಗೆ ಬೇರೆ ಮಣ್ಣನ್ನು ಬೆರೆಸಿ ಹದ ಮಾಡಿಕೊಳ್ಳಬೇಕು. ಹೊರಗಿನಿಂದ ನೋಡುವವರಿಗೆ ಆಕಾರ ಬದಲಾಗದೆ ನಿಂತಿರುವಂತೆ ಕಾಣುತ್ತದೆ. ಒಳಗೆ, ಅದನ್ನು ಬದಲಾಗದಂತೆ ಇಡಲು ಪ್ರತಿಯೊಂದು ಊರಿನಲ್ಲಿಯೂ ಬೇರೆ ಬೇರೆ ಲೆಕ್ಕಾಚಾರ ನಡೆದಿರುತ್ತದೆ. ಸ್ಥಿರತೆಯೆಂಬುದು ಜಡತೆಯಲ್ಲ, ನಿರಂತರವಾದ ದುಡಿಮೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

6. ಹೆಸರುಗಳ ಸಾಕ್ಷ್ಯ

ವಸ್ತುವಿನ ಚರಿತ್ರೆಯನ್ನು ಅದರ ಹೆಸರುಗಳು ಬೇರೊಂದು ದಿಕ್ಕಿನಿಂದ ತೋರಿಸುತ್ತವೆ. ಕನ್ನಡದಲ್ಲಿ ‘ಹಂಚು’ ಮತ್ತು ‘ಹೆಂಚು’ ಎಂಬ ಎರಡು ರೂಪಗಳಿವೆ. ಉತ್ತರ ಕರ್ನಾಟಕದಲ್ಲಿ ‘ಹಂಚು’ ರೂಪವೇ ಬಳಕೆಯಲ್ಲಿದ್ದು, ಅಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಇದೆ. ರೊಟ್ಟಿ ಬೇಯಿಸುವ ಕಾವಲಿಯೂ ಹಂಚೇ. ಒಲೆಯ ಮೇಲಿನ ಹಂಚು, ಮನೆಯ ಮೇಲಿನ ಹಂಚು ಎರಡೂ ಸುಟ್ಟ ಮಣ್ಣಿನ ಚಪ್ಪಟೆ ವಸ್ತುಗಳಾಗಿದ್ದುದರಿಂದ ಒಂದೇ ಹೆಸರನ್ನು ಹಂಚಿಕೊಂಡವು. ಮುಂದೆ ಒಲೆಯ ಮೇಲಿನದು ಕಬ್ಬಿಣದ್ದಾಯಿತು. ಹೆಸರು ಹಾಗೆಯೇ ಉಳಿಯಿತು. ಮನೆಯ ಮೇಲಿನದು ಮಣ್ಣಾಗಿಯೇ ಉಳಿದು ಆಕಾರದಲ್ಲಿ ಬೇರೆಯಾಯಿತು. ಅಲ್ಲಿಯೂ ಹೆಸರು ಉಳಿಯಿತು. ಒಂದೆಡೆ ವಸ್ತುದ್ರವ್ಯ ಬದಲು, ಇನ್ನೊಂದೆಡೆ ರೂಪ ಬದಲು. ಎರಡನ್ನೂ ದಾಟಿ ನಿಂತದ್ದು ಪದ.

ಖಾನಾಪುರ, ಬೆಳಗಾವಿಗಳು ಬಹುಭಾಷಿಕ ಪ್ರದೇಶಗಳು. ಕನ್ನಡದ ಹಂಚು ಮರಾಠಿಯಲ್ಲಿ ‘ಕೌಲ’, ಕೊಂಕಣಿಯಲ್ಲಿ ‘ನಳೊ’. ಕೊಂಕಣಿಯ ಪದದಲ್ಲಿ ಕೊಳವೆಯ ನೆನಪಿದೆ. ನಾಡ ಹಂಚು ಹುಟ್ಟುವುದೇ ಕೊಳವೆಯಾಗಿ. ಮರಾಠಿಯಲ್ಲಿ ಅಚ್ಚಿನ ಹಂಚಿಗೆ ‘ಮಂಗಲೋರಿ ಕೌಲ’ ಎನ್ನುತ್ತಾರೆ. ಭಾಷೆಗಳು ಬೇರೆಯಾದರೂ ಊರಿನ ಹೆಸರನ್ನು ಎಲ್ಲವೂ ಉಳಿಸಿಕೊಂಡಿವೆ. ಖಾನಾಪುರದಲ್ಲಿ ಮಾಡಿದ್ದೂ ಮಂಗಳೂರು ಹಂಚು. ಗುಜರಾತಿನ ಮೊರ್ಬಿಯಲ್ಲಿ ಮಾಡಿದ್ದೂ ಮಂಗಳೂರು ಮಾದರಿಯದೇ. ಸರಕಾರಿ ಮಾನಕದ ಶೀರ್ಷಿಕೆಯಲ್ಲಿಯೂ ‘ಮಂಗಳೂರು ಮಾದರಿ’ ಎಂದೇ ಇದೆ. ವೈಯಾಕರಣರ ಪರಿಭಾಷೆಯಲ್ಲಿ ಹೇಳುವುದಾದರೆ ಅಂಕಿತನಾಮವಾಗಿದ್ದದ್ದು ರೂಢನಾಮದತ್ತ ಸಾಗಿದೆ. ‘ಮಂಗಳೂರು’ ಎಂಬುದು ಇಲ್ಲಿ ಹುಟ್ಟಿದ ಊರನ್ನು ಸೂಚಿಸುವುದಿಲ್ಲ, ಅಚ್ಚನ್ನು ಸೂಚಿಸುತ್ತದೆ.

‘ಅಚ್ಚು’ ಎಂಬ ಪದವೂ ವಿಚಾರಾರ್ಹ. ಬೆಲ್ಲ ಹೊಯ್ಯುವ ಅಚ್ಚು, ಹಂಚು ಒತ್ತುವ ಅಚ್ಚು, ಮುದ್ರಣದ ಅಚ್ಚುಮೊಳೆ, ಅಚ್ಚುಕೂಟ, ಇವೆಲ್ಲವನ್ನೂ ಕನ್ನಡ ಒಂದೇ ಪದದಿಂದ ಗುರುತಿಸಿದೆ. ಪ್ಲೆಬ್ಸ್ಟ್ ಮುದ್ರಣಾಲಯದಿಂದ ಹಂಚಿನ ಕಾರ್ಖಾನೆಗೆ ನಡೆದುಹೋದದ್ದು ಇಂಗ್ಲಿಷಿನವರಿಗೆ ಎರಡು ಉದ್ಯಮಗಳ ನಡುವಿನ ಜಿಗಿತವಾಗಿ ಕಾಣಬಹುದು. ಕನ್ನಡದ ಪದಕೋಶದಲ್ಲಿ ಅದು ಒಂದು ಅಚ್ಚಿನಿಂದ ಇನ್ನೊಂದು ಅಚ್ಚಿಗೆ ನಡೆದ ನಡೆ.

7. ಪರಂಪರೆಯ ಪ್ರಶ್ನೆ

ಈ ವಿವೇಚನೆಯ ಹಿಂದೆ ಒಂದು ಸಾಂಸ್ಕೃತಿಕ ಪ್ರಶ್ನೆಯಿದೆ. ಇಂದು ವಿಹಾರಧಾಮಗಳಿಗೂ ನಗರದ ಹೊಸ ಮನೆಗಳಿಗೂ ‘ದೇಸಿ ಸೊಗಸು’ ತರಲೆಂದು ಹಳೆಯ ಮನೆಗಳಿಂದ ಇಳಿಸಿದ ಮಂಗಳೂರು ಹಂಚನ್ನು ಕೊಂಡು ಹಾಕುವುದುಂಟು. ಕಾಂಕ್ರೀಟಿನ ಛಾವಣಿಯ ಮೇಲೆ ನೀರನ್ನು ತಡೆಯುವ ಹೊಣೆಯಿಲ್ಲದೆ ಬರಿಯ ಅಲಂಕಾರವಾಗಿ ಅದು ಕುಳಿತಿರುತ್ತದೆ. ಆಲ್ಸೇಸಿನಲ್ಲಿ ಹುಟ್ಟಿ, ಮಿಷನ್ನಿನ ಮೂಲಕ ಬಂದ, ಕಾರ್ಖಾನೆಯ ಅಚ್ಚಿನಲ್ಲಿ ಒತ್ತಿದ ವಸ್ತು ಇಂದು ನಮ್ಮ ಪರಂಪರೆಯ ಸಂಕೇತವಾಗಿದೆ. ಅದರ ಮುಂದೆ ನಿಲ್ಲಲಾರದೆ ಹೋದ ನಾಡ ಹಂಚು ಪರಂಪರೆಯ ಚಿತ್ರದಿಂದಲೇ ಹೊರಬಿದ್ದಿದೆ.

ಇದರಿಂದ ಮಂಗಳೂರು ಹಂಚು ಪರಕೀಯವೆಂದು ತಳ್ಳಬೇಕಾಗಿಲ್ಲ. ನೂರೈವತ್ತು ವರ್ಷಕ್ಕೂ ಮೀರಿ ಇಲ್ಲಿಯ ಮಣ್ಣಿನಲ್ಲಿ, ಇಲ್ಲಿಯ ಕೈಗಳಲ್ಲಿ ರೂಪುಗೊಂಡದ್ದನ್ನು ಪರಕೀಯವೆನ್ನುವುದು ಅರ್ಥಹೀನ. ಆದರೆ ಒಂದು ವಸ್ತು ಬದಲಾಗದೆ ಉಳಿದಿದೆ ಎಂಬ ಕಾರಣಕ್ಕೆ ಅದನ್ನು ಪುರಾತನವೆಂದು ಭಾವಿಸುವುದು, ಉಳಿದದ್ದನ್ನು ಮಾತ್ರ ಪರಂಪರೆಯೆಂದು ಕರೆಯುವುದು, ಸೋತವರ ಚರಿತ್ರೆಯನ್ನು ಅಳಿಸಿಹಾಕುತ್ತದೆ. ಅಚ್ಚಿನ ಹಂಚು ಬಂದಾಗ ಕುಂಬಾರನು ಕಳೆದುಕೊಂಡದ್ದು ಒಂದು ಸರಕಿನ ಮಾರುಕಟ್ಟೆಯನ್ನಷ್ಟೇ ಅಲ್ಲ. ಪ್ರತಿ ಮುಂಗಾರಿನ ಮುನ್ನ ಊರಿನ ಮನೆಗಳೊಡನೆ ಅವನಿಗಿದ್ದ ಕೊಡುಕೊಳೆಯ ಸಂಬಂಧವೂ ಸಡಿಲವಾಯಿತು. ನಮ್ಮ ಸಾಹಿತ್ಯ ಕುಂಬಾರ ಗುಂಡಯ್ಯನನ್ನು ಹರಿಹರನ ರಗಳೆಯ ಮೂಲಕ ನೆನೆಯುತ್ತದೆ. ಆದರೆ ಕುಂಬಾರಿಕೆಯೆಂದರೆ ಮಡಕೆಯೆಂದೇ ನಾವು ಗ್ರಹಿಸಿರುವುದರಿಂದ ಮನೆಗಳ ತಲೆ ಕಾದ ಹಂಚಿನತ್ತ ನಮ್ಮ ಗಮನ ಹರಿದಿಲ್ಲ.

ಈಗ ಅಚ್ಚಿನ ಹಂಚಿನ ಸರದಿ. ಕರಾವಳಿಯ ಹಲವು ಕಾರ್ಖಾನೆಗಳು ಮುಚ್ಚಿವೆ. ಮಣ್ಣು ಮತ್ತು ಉರುವಲಿನ ದುಬಾರಿ, ಕಾಂಕ್ರೀಟ್ ಸ್ಲ್ಯಾಬಿನ ಹರಹು, ಪತ್ರಾಸಿನ ಅಗ್ಗ, ಇವು ಅದಕ್ಕೆ ಕಾರಣ. 2011ರ ಜನಗಣತಿಯ ಮನೆಪಟ್ಟಿಯಲ್ಲಿ ಕೈಯಿಂದ ಮಾಡಿದ ಹಂಚು, ಯಂತ್ರದಿಂದ ಮಾಡಿದ ಹಂಚು ಎಂಬ ಎರಡು ಬೇರೆ ಬೇರೆ ವರ್ಗಗಳಿದ್ದವು. ಈ ಎರಡು ವರ್ಗಗಳು ಅಳಿಯುವ ಬಗೆಯೂ ಬೇರೆ ಬೇರೆ. ಸಡಿಲ ಹೊಂದಿಕೆಯ ನಾಡ ಹಂಚು ಒಂದೊಂದಾಗಿ ಕಡಿಮೆಯಾಗುತ್ತ ಹೋಗುತ್ತದೆ. ಇದ್ದಷ್ಟನ್ನು ಹೇಗೋ ಹೊಂದಿಸಿಕೊಳ್ಳಬಹುದು. ಬಿಗಿ ಹೊಂದಿಕೆಯ ಹಂಚು ಹಾಗಲ್ಲ. ಅದೇ ಅಳತೆಯ ಹಂಚು ಮಾರುಕಟ್ಟೆಯಲ್ಲಿ ಸಿಗದಂತಾದ ದಿನ, ಒಡೆದದ್ದು ಹತ್ತೇ ಆಗಿದ್ದರೂ, ಸಾವಿರ ಗಟ್ಟಿ ಹಂಚುಗಳಿರುವ ಛಾವಣಿಯನ್ನೇ ಇಳಿಸಬೇಕಾದೀತು. ವಿನ್ಯಾಸವನ್ನು ಇಷ್ಟು ಕಾಲ ಉಳಿಸಿದ ಗುಣವೇ ಅದರ ಅಳಿವನ್ನು ಹಠಾತ್ತಾಗಿಸುತ್ತದೆ.

8. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ವಿನ್ಯಾಸದ ಸ್ಥಿರತೆಗೆ ಒಂದೇ ಕಾರಣವಿಲ್ಲ. ನಾಡ ಹಂಚು ಎಲ್ಲವನ್ನೂ ಒಪ್ಪಿಕೊಳ್ಳುವುದರಿಂದ ಉಳಿಯಿತು. ಮಂಗಳೂರು ಹಂಚು ತನ್ನಂಥದ್ದನ್ನು ಮಾತ್ರ ಒಪ್ಪಿಕೊಳ್ಳುವುದರಿಂದ ಉಳಿಯಿತು. ಎರಡೂ ಸಂದರ್ಭಗಳಲ್ಲಿ ವಿನ್ಯಾಸವಿರುವುದು ಬಿಡಿ ಹಂಚಿನಲ್ಲಿ ಅಲ್ಲ, ಹಂಚುಗಳ ನಡುವಣ ಸಂಬಂಧದಲ್ಲಿ. ಆ ಸಂಬಂಧವನ್ನು ಕಾಯ್ದುಕೊಂಡು ಬಂದವರು ಕುಂಬಾರ, ಬಡಿಗ, ಕಾರ್ಖಾನೆಯ ಕಾರ್ಮಿಕ, ಮುಂಗಾರಿಗೆ ಮೊದಲು ಛಾವಣಿ ಏರುವ ಕೂಲಿಯಾಳು ಮತ್ತು ಮನೆಯೊಡೆಯ.

ಕನ್ನಡ ವಿಭಾಗಗಳು ಇಲ್ಲಿ ಮಾಡಬಹುದಾದ ಕೆಲಸ ಸಾಕಷ್ಟಿದೆ. ಹಂಚಿನ ಬೆನ್ನ ಮೇಲೆ ಕಾರ್ಖಾನೆಯ ಹೆಸರು, ಊರು, ಕೆಲವೊಮ್ಮೆ ಇಸವಿಯನ್ನು ಒತ್ತಿರುತ್ತಾರೆ. ಶಿಲಾಶಾಸನಗಳನ್ನು ಊರೂರು ಅಲೆದು ಸಂಗ್ರಹಿಸಿದ ಪರಂಪರೆಗೆ ವಾರಸುದಾರರಾದ ನಮಗೆ ಇವೂ ಒಂದು ಬಗೆಯ ಶಾಸನಗಳೆಂದು ತೋರಬೇಕು. ಖಾನಾಪುರದಿಂದ ಸಾಂಬ್ರಾದವರೆಗಿನ ಹಳೆಯ ಮನೆಗಳ ಹಂಚಿನ ಮುದ್ರೆಗಳನ್ನು ಪಟ್ಟಿ ಮಾಡಿದರೆ ಯಾವ ಊರಿಗೆ ಯಾವ ದಾರಿಯಿಂದ ಹಂಚು ಬಂದಿತು, ರೈಲುಮಾರ್ಗದ ಪ್ರಭಾವ ಎಷ್ಟು ದೂರ ಹಬ್ಬಿತ್ತು, ಸ್ಥಳೀಯ ತಯಾರಿಕೆ ಯಾವಾಗ ಬಲಗೊಂಡಿತು ಎಂಬುದರ ಚಿತ್ರ ಮೂಡಬಲ್ಲದು. ಇದರೊಡನೆ ಛಾವಣಿಗೆ ಸಂಬಂಧಿಸಿದ ವೃತ್ತಿಪದಗಳನ್ನು ಕನ್ನಡ, ಮರಾಠಿ, ಕೊಂಕಣಿಗಳಲ್ಲಿ ಒಟ್ಟೊಟ್ಟಿಗೆ ಸಂಗ್ರಹಿಸಬೇಕು. ಪದಕ್ಕೆ ಅರ್ಥ ಕೊಟ್ಟರೆ ಸಾಲದು. ಆ ಭಾಗದ ರೇಖಾಚಿತ್ರ, ಅಳತೆ, ಅದು ಯಾವ ಭಾಗಕ್ಕೆ ಹೊಂದಿಕೊಳ್ಳುತ್ತದೆ ಎಂಬ ವಿವರಗಳನ್ನೂ ಸೇರಿಸಬೇಕು. ಏಕೆಂದರೆ ಇಲ್ಲಿ ಪದದ ಅರ್ಥವೂ ಹೊಂದಿಕೆಯಲ್ಲಿಯೇ ಇದೆ.

ಛಾವಣಿಗಳು ಇಳಿಯುತ್ತಿರುವ ಕಾಲದಲ್ಲಿ ಈ ಕೆಲಸಕ್ಕೆ ದೊರೆಯುವ ಅವಧಿ ದೀರ್ಘವಾದದ್ದಲ್ಲ. ಹಂಚು ಹೊಕ್ಕ ಮನೆಗಳು ಇನ್ನೂ ನಿಂತಿರುವಾಗಲೇ, ಅವುಗಳನ್ನು ಏರಿ ಬಲ್ಲ ಕೈಗಳು ಇನ್ನೂ ಇರುವಾಗಲೇ ಅದು ನಡೆಯಬೇಕಾಗಿದೆ.